ಎರಚಿದ ಯೂರಿಯಾ ಎಲ್ಲಿ ಹೋಯಿತು?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ನಾಲೆ ಬಯಲಿನಲ್ಲಿ ಅಡಿಕೆ ಬೆಳೆದಿರುವ ಬಾಂಧವರಲ್ಲಿ ನಮ್ಮದೊಂದು ಅರಿಕೆ. ಯೂರಿಯಾ ಎರಚಿದ ಮೂರು ನಾಲ್ಕು ದಿನಗಳಲ್ಲಿ ತೋಟದಲ್ಲಿ ಮೂಗಿಗೆ ಘಾಟು ಬಡಿದರೆ, ಕೊಟ್ಟ ಹಣ ಗಾಳಿಗೆ ಹೋಗುತ್ತಿದೆ ಎಂದೇ ತಿಳಿಯಬೇಕು.

ಇದು ಯೂರಿಯೇಸ್ ಎಂಬ ಕಿಣ್ವದ ಕೆಲಸ. ಮಣ್ಣಿನ ಸೂಕ್ಷ್ಮಜೀವಿಗಳಲ್ಲೂ ಕೊಳೆಯುವ ತರಗಿನಲ್ಲೂ ಅದು ಇರುತ್ತದೆ. ನೀರಿನ ನೆರವಿನಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಹೀಗೆ ನೀರು ಬಳಸಿ ವಸ್ತುವನ್ನು ಒಡೆಯುವ ಕಿಣ್ವಗಳಲ್ಲಿ ಹಲವಕ್ಕೆ ಲೋಹದ ಆಸರೆ ಬೇಕು. ಯೂರಿಯೇಸಿಗೆ ಬೇಕಾದದ್ದು ನಿಕ್ಕಲ್. ಜೇಮ್ಸ್ ಸಮ್ನರ್ 1926ರಲ್ಲಿ ಈ ಕಿಣ್ವವನ್ನು ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಬೀಜದಿಂದ ಹರಳಾಗಿ ತೆಗೆದು, 1946ರಲ್ಲಿ ನೊಬೆಲ್ ಬಹುಮಾನ ಪಡೆದರು. ಒಳಗಿದ್ದ ನಿಕ್ಕಲ್ ಮಾತ್ರ 1975ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ!

ಅಮೋನಿಯಾ ಮಣ್ಣಿನೊಳಗೆ ಹುಟ್ಟಿದರೆ ಜೇಡಿಯ ಕಣಗಳು ಹಿಡಿದಿಟ್ಟುಕೊಳ್ಳುತ್ತವೆ. ಮೇಲೆಯೇ ಹುಟ್ಟಿದರೆ ಹಾರಿಹೋಗುತ್ತದೆ. ಚೌಳು ಮಣ್ಣು, ಬಿಸಿಲು, ಒದ್ದೆ ತರಗು ಸೇರಿದರಂತೂ ನಷ್ಟ ಹೆಚ್ಚು. ಬೂದಿ, ಸುಣ್ಣದೊಡನೆ ಯೂರಿಯಾ ಬೆರೆಸಲೇಬಾರದು. 2015ರಿಂದ ಯೂರಿಯಾಕ್ಕೆ ಬೇವಿನ ಲೇಪ ಕಡ್ಡಾಯವಾಗಿದೆಯಲ್ಲ ಎನ್ನಬಹುದು. ಬೇವು ಮುಖ್ಯವಾಗಿ ತಡೆಯುವುದು ಅಮೋನಿಯಾ ನೈಟ್ರೇಟ್ ಆಗುವ ಮುಂದಿನ ಹಂತವನ್ನು. ಈ ಹಾರಾಟಕ್ಕೆ ಅದನ್ನು ನೆಚ್ಚಿ ಕೂರುವಂತಿಲ್ಲ.

ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕದ ಶಿಫಾರಸಿದೆ; ಪೂರ್ತಿ ಯೂರಿಯಾದಲ್ಲೇ ಕೊಟ್ಟರೆ ಸುಮಾರು 220 ಗ್ರಾಂ. ಅದನ್ನು ಎರಡು ಕಂತು ಮಾಡಿ, ತರಗು ಸರಿಸಿ, ಪಾತಿಯ ಮಣ್ಣಿಗೆ ಬೆರೆಸಿ ಅಂದೇ ಹದವಾಗಿ ನೀರು ಕೊಡಬೇಕು. ನಾಲೆಯ ಸರದಿ ನೀರು ಬರುವ ದಿನ ನೋಡಿಕೊಂಡೇ ಚೀಲ ಬಿಚ್ಚಿರಿ.