ಬೀಳುವ ಮುನ್ನ ಕೈ ಹಿಡಿಯೋಣ

ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳಿಗೆ ನಮ್ಮ ಸಂಘಗಳಲ್ಲಿ ಶಾಲು ಹೊದಿಸಿ, ಹೂಗುಚ್ಛ ಕೊಟ್ಟು ಸನ್ಮಾನಿಸುವುದನ್ನು ನೀವೆಲ್ಲ ನೋಡಿದ್ದೀರಿ. ಸಂತೋಷದಿಂದ ಚಪ್ಪಾಳೆಯನ್ನೂ ತಟ್ಟಿದ್ದೀರಿ. ಆದರೆ ಆ ಮಕ್ಕಳು ಮುಂದಿನ ವರ್ಷ ಕಾಲೇಜಿನಲ್ಲಿ ಏನಾದರು ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

ನಮ್ಮ ಕಟ್ಟಡದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ತಂದೆ ಕ್ಯಾಂಟೀನಿನಲ್ಲಿ ದುಡಿಯುವವರು. ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದಿ 2023ರಲ್ಲಿ ನೂರಕ್ಕೆ 84 ಅಂಕ ತೆಗೆದಳು. ಮುಂಬಯಿಯಲ್ಲಿ ಹನ್ನೊಂದನೆಯ ತರಗತಿ ಎಂದರೆ ಕಾಲೇಜೇ. ಕಾಮರ್ಸಿಗೆ ಸೇರಿದಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಟರ್ಮಿನ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ನಪಾಸಾದಳು. ಆಮೇಲೆ ಯಾರೊಡನೆಯೂ ಮಾತಿಲ್ಲ. ತಾಯಿ ನನ್ನ ಹತ್ತಿರ ಬಂದು, "ಅಕ್ಕಾ, ಇವಳಿಗೆ ಇನ್ನು ಓದು ಹತ್ತುವುದಿಲ್ಲ ಅಂತ ಕಾಣ್ತದೆ. ಎಲ್ಲಾದರೂ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಸೋಣ ಅಂತಾರೆ ಇವರು" ಎಂದು ಕಣ್ಣೀರು ಹಾಕಿದರು.

ಹುಡುಗಿಯನ್ನು ಕರೆದು ಕೂರಿಸಿಕೊಂಡೆ. ಅವಳು ಉತ್ತರ ಬರೆಯದೆ ಬಿಟ್ಟಿದ್ದ ಪ್ರಶ್ನೆ ಡಿಪ್ರಿಸಿಯೇಶನ್ ಕುರಿತಾದದ್ದು. ಲೆಕ್ಕಶಾಸ್ತ್ರ ನನಗೂ ಹೊಸತು. ಪುಸ್ತಕ ಓದಿ ನೋಡಿ ಕನ್ನಡದಲ್ಲೇ ಕೇಳಿದೆ.

"ಅಪ್ಪನ ಕ್ಯಾಂಟೀನಿಗೆ ಹತ್ತು ಸಾವಿರ ಕೊಟ್ಟು ಗ್ರೈಂಡರ್ ತಂದರು. ಒಂದು ವರ್ಷ ರುಬ್ಬಿದ ಮೇಲೆ ಮಾರಿದರೆ ಅಷ್ಟೇ ಹಣ ಬರುತ್ತದೆಯೇ?"

"ಇಲ್ಲ ಆಂಟೀ, ಸವೆದಿರುತ್ತದಲ್ಲ. ಒಂಬತ್ತು ಬಂದರೆ ಹೆಚ್ಚು."

"ಹಾಗಾದರೆ ಆ ಒಂದು ಸಾವಿರವನ್ನು ಲೆಕ್ಕದಲ್ಲಿ ಏನೆಂದು ಬರೆಯುವುದು?"

"ನಷ್ಟ ಅಂತಲೇ ಬರೆಯಬೇಕು."

"ಡಿಪ್ರಿಸಿಯೇಶನ್ ಅಂದರೆ ಅದೇ ಮಗೂ. ಸವಕಳಿ."

ಅವಳು ನನ್ನ ಮುಖ ನೋಡಿ "ಅಷ್ಟೇನಾ?" ಎಂದಳು.

ಓದುಗರೇ, ಆ "ಅಷ್ಟೇನಾ" ನನ್ನನ್ನು ಬಹಳ ದಿನ ಕಾಡಿತು. ಹುಡುಗಿಗೆ ವಿಷಯ ಗೊತ್ತಿತ್ತು, ಪದ ಗೊತ್ತಿರಲಿಲ್ಲ. ಹಾಗಾದರೆ ಆ ಪರೀಕ್ಷೆ ಅಳೆದದ್ದು ಅವಳ ಲೆಕ್ಕದ ಜ್ಞಾನವನ್ನೋ, ಇಂಗ್ಲಿಷನ್ನೋ? ಕನ್ನಡ ಶಾಲೆಯಿಂದ ಇಂಗ್ಲಿಷ್ ಬಿ.ಎ.ಗೆ ಹೋದ ನಾನೂ ಮೊದಲ ವರ್ಷವೆಲ್ಲ ಅರ್ಥವಾದವಳಂತೆ ತಲೆಯಾಡಿಸುತ್ತ ಕೂತಿದ್ದೆ. ಅರ್ಥವಾಯಿತೇ ಎಂದು ಅಧ್ಯಾಪಕರು ಕೇಳಿದಾಗ ಇಲ್ಲವೆನ್ನುವ ಧೈರ್ಯ ಯಾರಿಗಿರುತ್ತದೆ?

ಕಾಲೇಜನ್ನು ದೂರುವುದು ಸುಲಭ. ಒಂದೊಂದು ತರಗತಿಯಲ್ಲಿ ನೂರು, ನೂರಿಪ್ಪತ್ತು ಮಕ್ಕಳಿರುವಾಗ ಅಧ್ಯಾಪಕರಾದರೂ ಎಷ್ಟು ಮುಖ ಓದಿಯಾರು? ಆದರೆ ಫಲಿತಾಂಶವನ್ನು ನೋಡುವ ನಮ್ಮ ಕ್ರಮದಲ್ಲೇ ಒಂದು ದೋಷವಿದೆ. ಉದಾಹರಣೆಗೆ, ನೂರು ಮಕ್ಕಳಲ್ಲಿ 80 ಮಂದಿ ಪಾಸಾದರೆಂದು ಇಟ್ಟುಕೊಳ್ಳಿ. ಒಳ್ಳೆಯ ಫಲಿತಾಂಶವೆಂದು ಎಲ್ಲರೂ ಹೇಳುತ್ತೇವೆ. ಈಗ ಅದನ್ನೇ ಬಿಡಿಸಿ ನೋಡಿ. ಇಂಗ್ಲಿಷ್ ಮಾಧ್ಯಮದಿಂದ ಬಂದ 80 ಮಂದಿಯಲ್ಲಿ 72 ಜನ, ಇತರ ಮಾಧ್ಯಮಗಳಿಂದ ಬಂದ 20 ಮಂದಿಯಲ್ಲಿ ಕೇವಲ 8 ಜನ ಪಾಸಾಗಿರಬಹುದು. ಎರಡೂ ಸೇರಿದರೆ ಅದೇ 80. ಹೊರಗಿನಿಂದ ನೋಡಿದರೆ ತುಂಬಿದ ಕೊಡ, ತಳದಲ್ಲಿ ತೂತು.

ಇಂಥ ತೂತನ್ನು ಹುಡುಕಿ ಮುಚ್ಚಿದವರೊಬ್ಬರ ಕಥೆ ಕೇಳಿ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್‌ಮನ್ ಎಂಬವರು ಸಂಶೋಧನೆ ಮಾಡುತ್ತಿದ್ದರು. ಮೊದಲ ವರ್ಷದ ಕ್ಯಾಲ್ಕುಲಸ್ ವಿಷಯದಲ್ಲಿ ಕರಿಯ ವಿದ್ಯಾರ್ಥಿಗಳು ಬಹಳ ಹಿಂದೆ ಬೀಳುತ್ತಿದ್ದರು, ಚೀನೀ ಮೂಲದವರು ಮುಂದಿದ್ದರು. ಕಾರಣವೇನೆಂದು ಕೇಳಿದರೆ ಅಧ್ಯಾಪಕರು ಹೇಳಿದ್ದು, ಆಸಕ್ತಿ ಸಾಲದು, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ ಎಂದು. ನಾವೂ ಹೇಳುವುದು ಅದನ್ನೇ ಅಲ್ಲವೇ? ಟ್ರೈಸ್‌ಮನ್ ಎರಡೂ ಕಡೆಯ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳ ಜೊತೆಗಿದ್ದು, ಅವರು ಓದುವ ರೀತಿಯನ್ನು ಗಮನಿಸಿದರು. ಅಧ್ಯಾಪಕರು ಹೇಳಿದ ಕಾರಣಗಳು ನಿಲ್ಲಲಿಲ್ಲ. ಕರಿಯ ವಿದ್ಯಾರ್ಥಿಗಳೂ ಶ್ರಮಪಟ್ಟು ಓದುತ್ತಿದ್ದರು, ಆದರೆ ಹೆಚ್ಚಿನವರು ಒಂಟಿಯಾಗಿ. ಚೀನೀ ಮೂಲದವರು ತಾವು ಬಿಡಿಸಿದ್ದನ್ನು ಸಂಜೆ ಒಟ್ಟಿಗೆ ಕೂತು ಹೋಲಿಸಿ, ತಪ್ಪಿದ್ದಲ್ಲಿ ಒಬ್ಬರಿಗೊಬ್ಬರು ತಿದ್ದಿಕೊಳ್ಳುತ್ತಿದ್ದರು. ಒಂಟಿಯಾಗಿ ಓದುವವನಿಗೆ ತನ್ನ ತಪ್ಪು ಗೊತ್ತಾಗುವುದು ಪರೀಕ್ಷೆಯ ದಿನವೇ!

ಅವರು ಮಕ್ಕಳನ್ನು "ದಡ್ಡರ ಕ್ಲಾಸಿ"ಗೆ ಹಾಕಲಿಲ್ಲ. ಬದಲಾಗಿ ಗುಂಪಿನಲ್ಲಿ ಕೂರಿಸಿ, ತರಗತಿಯಲ್ಲಿ ಕೊಡುವುದಕ್ಕಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟರು. ಮಕ್ಕಳ ಅಂಕಗಳು ಗಣನೀಯವಾಗಿ ಏರಿದವು. 1992ರಲ್ಲಿ ಅವರು ಇದನ್ನೆಲ್ಲ ಲೇಖನವಾಗಿ ಪ್ರಕಟಿಸಿದರು.

ಆಮೇಲೆ 2014ರಲ್ಲಿ ಅಮೆರಿಕದ ವಿದ್ವಾಂಸರು ಕಾಲೇಜಿನ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಬಗ್ಗೆ ನಡೆದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ನೂರಕ್ಕೆ ಸುಮಾರು 34 ಮಂದಿ ನಪಾಸಾಗುತ್ತಿದ್ದರು. ಮಕ್ಕಳೇ ಚರ್ಚಿಸಿ, ಬಿಡಿಸಿ ಕಲಿಯುವ ತರಗತಿಗಳಲ್ಲಿ ಅದು ಸುಮಾರು 22ಕ್ಕೆ ಇಳಿದಿತ್ತು. ಹಿಂದುಳಿದ ಹಿನ್ನೆಲೆಯ ಮಕ್ಕಳಿಗೂ ಉಳಿದವರಿಗೂ ನಡುವಿನ ಅಂತರವೂ ಇಂಥ ತರಗತಿಗಳಲ್ಲಿ ಕಿರಿದಾಗುತ್ತದೆಂದು 2020ರಲ್ಲಿ ಬಂದ ಇನ್ನೊಂದು ಅಧ್ಯಯನ ತೋರಿಸಿತು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಪಾಠದ ಕೊನೆಯಲ್ಲಿ ಪ್ರತಿಯೊಬ್ಬರೂ ಹೆಸರು ಬರೆಯದೆ ಒಂದು ಚೀಟಿಯಲ್ಲಿ "ಇಂದು ಕಲಿತದ್ದೇನು, ಅರ್ಥವಾಗದ್ದೇನು" ಎಂದು ಎರಡು ಸಾಲು ಬರೆದುಕೊಡುವ ಪದ್ಧತಿ ಹಲವು ಕಾಲೇಜುಗಳಲ್ಲಿದೆ. ಅದಕ್ಕೆ ಅಂಕವಿಲ್ಲ, ಅವಮಾನವಿಲ್ಲ. ನೂರು ಚೀಟಿಗಳಲ್ಲಿ ನಲವತ್ತರಲ್ಲಿ ಒಂದೇ ಪದ ಕಂಡರೆ, ಮಾರನೆಯ ದಿನ ಪಾಠ ಎಲ್ಲಿಂದ ಆರಂಭವಾಗಬೇಕೆಂದು ಅಧ್ಯಾಪಕರಿಗೆ ತಿಳಿಯುತ್ತದೆ. ಅನ್ನ ಬೆಂದಿದೆಯೇ ಎಂದು ನಾವು ಅಗುಳು ಹಿಚುಕಿ ನೋಡುವುದು ಒಲೆಯ ಮೇಲಿರುವಾಗ. ಬಡಿಸಿದ ಮೇಲೆ ನೋಡಿ ಪ್ರಯೋಜನವೇನು? ವರ್ಷದ ಕೊನೆಯ ಪರೀಕ್ಷೆ ಎಂದರೆ ಬಡಿಸಿದ ಮೇಲೆ ನೋಡಿದಂತೆ.

ನಮ್ಮ ಹುಡುಗಿ ಏನಾದಳೆಂದು ಕೇಳುತ್ತೀರಾ? ತನ್ನಂತೆಯೇ ಕನ್ನಡ, ಮರಾಠಿ ಮಾಧ್ಯಮಗಳಿಂದ ಬಂದ ಮೂವರು ಗೆಳತಿಯರನ್ನು ಕರೆತಂದಳು. ವಾರಕ್ಕೆರಡು ಸಂಜೆ ನಮ್ಮ ಹಾಲಿನಲ್ಲಿ ಕೂತು ಪದಗಳ ಪಟ್ಟಿ ಮಾಡಿದರು, ಲೆಕ್ಕ ಬಿಡಿಸಿದರು. ನಾನು ಚಹಾ ಕೊಟ್ಟೆ, ಇಂಗ್ಲಿಷ್ ವಾಕ್ಯ ತಿದ್ದಿದೆ, ಅಷ್ಟೆ. ವಾರ್ಷಿಕ ಪರೀಕ್ಷೆಯಲ್ಲಿ ಪವಾಡವೇನೂ ಆಗಲಿಲ್ಲ. ಅಂಕ 84ಕ್ಕಿಂತ ಬಹಳ ಕಡಿಮೆಯೇ. ಆದರೆ ನಾಲ್ವರೂ ಎಲ್ಲ ವಿಷಯಗಳಲ್ಲೂ ಪಾಸು. ಅಂಗಡಿ ಕೆಲಸದ ಮಾತು ಮತ್ತೆ ಬರಲಿಲ್ಲ.

ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗಳಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿ ಮೇಲೆ ಬಂದ ಹಿರಿಯರ ಊರು ಈ ಮುಂಬಯಿ. ಒಟ್ಟಿಗೆ ಕೂತು ಕಲಿಯುವುದನ್ನು ಬರ್ಕ್ಲಿಯಿಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸನ್ಮಾನಕ್ಕೆ ಶಾಲು ತರುವಾಗ ಜೊತೆಗೆ ಒಂದು ನೋಟುಬುಕ್ಕನ್ನೂ ತನ್ನಿ. ಕಾಲೇಜು ಶುರುವಾದ ಮೊದಲ ತಿಂಗಳಲ್ಲೇ ಆ ಮಕ್ಕಳ ಮನೆಗೆ ಹೋಗಿ ಏನು ಅರ್ಥವಾಗುತ್ತಿಲ್ಲ ಎಂದು ಕೇಳಿ, ಬರೆದುಕೊಳ್ಳಿ. ಭಾನುವಾರ ಖಾಲಿ ಬಿದ್ದಿರುವ ಸಂಘದ ಕೋಣೆಯ ಬೀಗವನ್ನು ಎರಡು ಗಂಟೆ ಅವರಿಗಾಗಿ ತೆಗೆಯಿರಿ. ನಿಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದವರಿದ್ದೀರಿ, ಅಧ್ಯಾಪಕಿಯರಿದ್ದೀರಿ, ನನ್ನಂಥ ಗೃಹಿಣಿಯರೂ ಇದ್ದೀರಿ. ಒಂದು ಭಾನುವಾರವಾದರೂ ಬನ್ನಿ. ಚಹಾ ನಾನು ಮಾಡುತ್ತೇನೆ.