ಮೇಲೇರಲು ಬೆಟ್ಟವಿಲ್ಲದ ಹಕ್ಕಿ

ಹವಾಯಿ ದ್ವೀಪಸಮೂಹದ ಕವಾಯಿಯ ಕಾಡುಗಳಲ್ಲಿ ‘ಓಓ’ ಎಂಬ ಹಕ್ಕಿಯ ಕೊಳಲಿನಂಥ ದನಿ ಕೇಳುತ್ತಿತ್ತು. 1987ರ ತರುವಾಯ ಅದು ಕೇಳಿಬಂದಿಲ್ಲ. 2023ರಲ್ಲಿ ಅಮೆರಿಕದ ಸರ್ಕಾರ ಆ ಕುಲವೇ ಅಳಿಯಿತೆಂದು ಸಾರಿತು.

ದ್ವೀಪದ ಹಕ್ಕಿಗಳನ್ನು ನುಂಗುತ್ತಿರುವ ಮುಖ್ಯ ಪಿಡುಗು ಹಕ್ಕಿಗಳ ಮಲೇರಿಯ. 19ನೆಯ ಶತಮಾನದಲ್ಲಿ ಹಡಗುಗಳೊಡನೆ ಬಂದಿಳಿದ ಸೊಳ್ಳೆಯೇ ಅದರ ವಾಹಕ. ಮಲೆಯ ನೆತ್ತಿಯ ತಂಪಿನಲ್ಲಿ ರೋಗಾಣು ಬೆಳೆಯದು. ಅಳಿದುಳಿದ ಹಕ್ಕಿಗಳಿಗೆ ಅದೇ ಆಶ್ರಯ. ಆದರೆ ಭೂಮಿ ಬಿಸಿಯೇರಿದಂತೆ ಸೊಳ್ಳೆಯೂ ಮೇಲೇರುತ್ತಿದೆ. ತಾಪ, ಮಳೆ, ಸೊಳ್ಳೆಗಳನ್ನು ಗಣಿತದ ಮಾದರಿಯಲ್ಲಿ ಕೂಡಿಸಿ ನೋಡಿದ ವಿಜ್ಞಾನಿಗಳಿಗೆ ಈ ಶತಮಾನದಲ್ಲಿಯೇ ಆ ಆಶ್ರಯ ಬಹುಪಾಲು ಕರಗುವುದು ಕಂಡಿತು. ಕವಾಯಿಯ ಅತ್ಯುನ್ನತ ಶಿಖರ ಸುಮಾರು 1,600 ಮೀಟರು. ಅದರಾಚೆ ಆಕಾಶ ಮಾತ್ರ.

2023ರಿಂದ ಮಾವಿ ದ್ವೀಪದಲ್ಲಿ ಬೇರೊಂದು ತಳಿಯ ವೋಲ್ಬಾಕಿಯ ಸೂಕ್ಷ್ಮಾಣುವನ್ನು ಹೊತ್ತ ಗಂಡು ಸೊಳ್ಳೆಗಳನ್ನು ಕಾಡಿಗೆ ಬಿಡಲಾರಂಭಿಸಿದರು. ಗಂಡು ಕಚ್ಚದು; ಅದರೊಡನೆ ಕೂಡಿದ ಕಾಡುಸೊಳ್ಳೆಯ ಮೊಟ್ಟೆ ಮರಿಯಾಗದು. ಕೊಂದ ಜೀವಿಯ ಕೈಯಿಂದಲೇ ಕಾಯಿಸುವ ಉಪಾಯವಿದು. ಓಓ ಹಕ್ಕಿಗೆ ತಡವಾಯಿತು, ಉಳಿದವಕ್ಕೆ ಆಗದಿರಲಿ.