ಯಂತ್ರಕ್ಕೆ ಕನ್ನಡದ ಕಿವಿ

ವಿಶ್ವೇಶ್ವರಯ್ಯ ನಾಲೆಯ ಬಯಲಿನ ರೈತನು ದಿನವೂ ತಿಳಿಯಬಯಸುವ ಸಂಗತಿ ಒಂದುಂಟು: ಕನ್ನಂಬಾಡಿಯಲ್ಲಿ ನೀರೆಷ್ಟು? ಆ ಜಲಾಶಯದ ಪೂರ್ಣಮಟ್ಟ 124.80 ಅಡಿ. ಈ ಪ್ರಶ್ನೆಗೆ ಬಾಯಿಂದ ಉತ್ತರವಿತ್ತು, ಅಂಕಿಗಳನ್ನು ಪರದೆಯ ಮೇಲೂ ತೋರುವ ಯಂತ್ರವನ್ನು ನಾವೇ ಅಣಿಗೊಳಿಸಬಹುದೆ?

2017ರಲ್ಲಿ ಅಮೆಜಾನ್ ಸಂಸ್ಥೆಯು ಪರದೆಯುಳ್ಳ 'ಎಕೋ ಷೋ' ಯಂತ್ರವನ್ನು ಹೊರತಂದಿತು. ಅದರೊಳಗಿನ 'ಅಲೆಕ್ಸಾ'ಗೆ ಹೊರಗಿನವರು ಕಲಿಸುವ ವಿದ್ಯೆಗೆ 'ಸ್ಕಿಲ್' ಎಂದು ಹೆಸರು. ರಚಿಸುವವನು ಮೊದಲು ಪ್ರಶ್ನೆಯ ಆಶಯವನ್ನು ಗೊತ್ತುಪಡಿಸಬೇಕು. 'ಮದ್ದೂರಿಗೆ ನೀರು ಬಂದಿತೆ?', 'ಮಳವಳ್ಳಿಯ ನಾಲೆ ಹರಿಯುತ್ತಿದೆಯೆ?' ಮಾತು ಎರಡು, ಆಶಯ ಒಂದೇ. ಊರಿನ ಹೆಸರಿಗೆ ಒಂದು ಸ್ಥಾನವನ್ನು ತೆರವಾಗಿಟ್ಟು, ಅಲ್ಲಿ ಬರಬಹುದಾದ ಮಂಡ್ಯ, ಮದ್ದೂರು, ಮಳವಳ್ಳಿಗಳನ್ನು ಪಟ್ಟಿಮಾಡಬೇಕು. ನಮ್ಮ ಮಾತು ದೂರದ ಗಣಕಗಳಲ್ಲಿ ಅಕ್ಷರರೂಪ ತಾಳುತ್ತದೆ. ಅವು ಆಶಯವನ್ನು ಆಯ್ದು ರಚನಕಾರನ ಕ್ರಮವಿಧಿಗೆ ಒಪ್ಪಿಸುತ್ತವೆ. ಅಲ್ಲಿಂದ ನುಡಿಯಬೇಕಾದ ವಾಕ್ಯವೂ ಪರದೆಯ ವಿನ್ಯಾಸವೂ ಹಿಂದಿರುಗುತ್ತವೆ. ಈ ವಿನ್ಯಾಸಕ್ಕೆಂದೇ 2018ರಲ್ಲಿ 'ಎಪಿಎಲ್' ಎಂಬ ಭಾಷೆ ಬಂದಿತು. ನೀರಿನ ಅಂಕಿಗಳನ್ನು ಮಾತ್ರ ಯಂತ್ರವು ತಾನಾಗಿ ಅರಿಯದು. ಯಾರಾದರೂ ನಿತ್ಯವೂ ಒದಗಿಸಬೇಕು.

ತೊಡಕಿರುವುದು ಬೇರೆಡೆ. ಕನ್ನಡ ಅಕ್ಷರವನ್ನು ಚಿತ್ರವಾಗಿಯಾದರೂ ಪರದೆಯ ಮೇಲೆ ತೋರಬಹುದು. ಕಿವಿಗೆ ಕನ್ನಡ ಕಲಿಸುವುದು ಅಷ್ಟು ಸುಲಭವಲ್ಲ. ಭಾರತದಲ್ಲಿ ಅಲೆಕ್ಸಾ ಇಂಗ್ಲಿಷಿನೊಡನೆ 2019ರಲ್ಲಿ ಹಿಂದಿಯನ್ನು ಕಲಿತಿತು. ಸ್ಕಿಲ್ ರಚನೆಯ ಭಾಷೆಗಳಲ್ಲಿ ಕನ್ನಡವಿಲ್ಲ. ಯಂತ್ರವು ಒಂದು ನುಡಿಯನ್ನು ಗುರುತಿಸಬೇಕಾದರೆ ಬಗೆಬಗೆಯ ಜನರ ಧ್ವನಿಯನ್ನು ಹೇರಳವಾಗಿ ಕೇಳಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಗೂಗಲ್ ಸಂಸ್ಥೆಯೂ ಕೂಡಿ ಕೈಗೊಂಡ 'ವಾಣಿ' ಯೋಜನೆಯು ಜಿಲ್ಲೆ ಜಿಲ್ಲೆಗಳ ಆಡುಮಾತನ್ನು ಸಂಗ್ರಹಿಸುವ ಉದ್ದೇಶದ್ದು. ಮಂಡ್ಯದ ಮಾತು ಅಂಥ ಭಂಡಾರಗಳನ್ನು ತುಂಬಿದಾಗಲೇ, ನಮ್ಮ ರೈತನು ನೀರಿನ ಸುದ್ದಿಯನ್ನು ತನ್ನ ನುಡಿಯಲ್ಲಿ ಕೇಳಿಯಾನು.